ಕೋಣಗಳಿಗೆ ಗಾದೆ ಗೊತ್ತಿಲ್ಲ

ಏಲೂರಿನಲ್ಲಿ ನಾವು ಬಾಡಿಗೆಗಿರುವ ಮನೆಯ ಮಾಲೀಕರು ಅಲ್ಲಿನ ಗೊಬ್ಬರದ ಕಾರ್ಖಾನೆಯಿಂದ ನಿವೃತ್ತರಾದವರು. ಮನೆ ನೋಡಲು ಹೋದ ದಿನ ಊರು ಯಾವುದೆಂದು ಕೇಳಿದರು. ಶ್ರೀರಂಗಪಟ್ಟಣದ ಹತ್ತಿರ ಎಂದೆ. ಪೆರಿಯಾರ್ ನದಿಯತ್ತ ಕೈ ತೋರಿಸಿ, "ನಿಮ್ಮೂರವರು ಹಿಂದೊಮ್ಮೆ ಆಲುವಾ ತನಕ ಬಂದಿದ್ದರು. ಆದರೆ ಅಡ್ವಾನ್ಸ್ ಕೊಟ್ಟಿರಲಿಲ್ಲ" ಎಂದು ನಕ್ಕರು.

ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ನಾನು ಕೇಳಿ ಬೆಳೆದ ಟಿಪ್ಪು 1799ರಲ್ಲಿ ಇಂಗ್ಲಿಷರೊಡನೆ ಕಾದಾಡುತ್ತಾ ಸತ್ತವನು. ಆ ಕತೆಯಲ್ಲಿ ಏಟು ತಿಂದವರು ನಾವು. ಇಲ್ಲಿ ಅದೇ ಹೆಸರಿನ ಜೊತೆ 'ಪಡಯೋಟ್ಟಂ' ಎಂಬ ಪದ ಸೇರುತ್ತದೆ, ಅಂದರೆ ದಂಡಯಾತ್ರೆ. ಈ ಕತೆಯಲ್ಲಿ ದೊಡ್ಡವರು ನಾವು.

ಆಗಿನ ಕೊಚ್ಚಿಯ ಸ್ಥಿತಿ ನೋಡಿ. 1766ರಲ್ಲಿ ಹೈದರಾಲಿ ಮಲಬಾರಿಗೆ ಬಂದಾಗ ಕೊಚ್ಚಿಯ ರಾಜ ಕಪ್ಪ ಕೊಡಲು ಒಪ್ಪಿಕೊಂಡ. ಅದಕ್ಕೂ ಮೊದಲೇ, ಸಾಮೂದಿರಿಯನ್ನು ಹಿಮ್ಮೆಟ್ಟಿಸಲು ನೆರವಾದ ತಿರುವಾಂಕೂರಿಗೆ 'ನೆಡುಂಕೋಟ್ಟ' ಎಂಬ ಉದ್ದನೆಯ ರಕ್ಷಣಾ ಗೋಡೆ ಕಟ್ಟಲು ತನ್ನ ನೆಲವನ್ನೂ ಬಿಟ್ಟುಕೊಟ್ಟಿತ್ತು. ತಿರುವಾಂಕೂರಿನ ಬೆನ್ನಿಗೆ ಈಸ್ಟ್ ಇಂಡಿಯಾ ಕಂಪನಿ ಇತ್ತು. ಹೀಗೆ ಕಪ್ಪ ಮೈಸೂರಿಗೆ, ಗೋಡೆ ಕಂಪನಿಯ ಗೆಳೆಯನಿಗೆ. 1789ರಲ್ಲಿ ತಿರುವಾಂಕೂರು ಡಚ್ಚರಿಂದ ಕೊಡುಂಗಲ್ಲೂರಿನ ಕೋಟೆ ಕೊಂಡಿತು. ಆ ನೆಲ ಕೊಚ್ಚಿಯದು, ಕೊಚ್ಚಿ ನನ್ನ ಸಾಮಂತ ಎಂದ ಟಿಪ್ಪು. ಡಿಸೆಂಬರಿನಲ್ಲಿ ನಡೆದ ಮೊದಲ ದಾಳಿ ಸೋತಿತು. 1790ರ ಏಪ್ರಿಲಿನಲ್ಲಿ ಗೋಡೆ ಒಡೆಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಸೈನ್ಯ ಹಿಂದಿರುಗಿತು. 1791ರಲ್ಲಿ ಕೊಚ್ಚಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಮೈಸೂರಿನಿಂದ ಬಿಡಿಸಿಕೊಂಡಿತು. ಈಗ ಕಪ್ಪ ಕಂಪನಿಗೆ, ಕೆಲವೇ ವರ್ಷಗಳಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ. 1809ರ ಹೊಸ ಒಪ್ಪಂದದಲ್ಲಿ ಅದು 2,76,037 ಆಯಿತು. ನಮ್ಮ ಕೊಡಗಿನ ಕತೆಯೂ ಬೇರೆಯಲ್ಲ. ಮೈಸೂರಿನ ವಿರುದ್ಧ ಕಂಪನಿಯ ಕೈ ಹಿಡಿದ ಕೊಡಗನ್ನು 1834ರಲ್ಲಿ ಕಂಪನಿಯೇ ನುಂಗಿತು.

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಸಾವು ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಹೇಳುವವರೆಲ್ಲ ತಮ್ಮನ್ನು ಗಿಡದ ಜಾಗದಲ್ಲಿಟ್ಟುಕೊಂಡೇ ಹೇಳುತ್ತಾರೆ. ನಾನೇ ಕೋಣ ಎಂದುಕೊಂಡು ಹೇಳಿದವರನ್ನು ನಾನು ಕಂಡಿಲ್ಲ. ಜೊತೆಗೆ ಗಿಡಕ್ಕೆ ಕಾಲಿಲ್ಲ, ಲೆಕ್ಕಾಚಾರವೂ ಇಲ್ಲ. ಕೊಚ್ಚಿಗೆ ಲೆಕ್ಕಾಚಾರವಿತ್ತು. ಅದು ಇಬ್ಬರಿಗೂ ಹೂಂ ಎನ್ನುತ್ತಾ ದಿನ ದೂಡಿತು.

ಇದನ್ನು ಎರಡು ನಾಲಿಗೆ ಎನ್ನಬಹುದೇ? ಆಫೀಸಿನಲ್ಲಿ ಇಬ್ಬರು ಮ್ಯಾನೇಜರುಗಳಿಗೆ ರಿಪೋರ್ಟ್ ಮಾಡುವ ಹುಡುಗ ಇಬ್ಬರಿಗೂ 'ಆಯ್ತು ಸರ್' ಎನ್ನುತ್ತಾನೆ. ಅಪ್ರೈಸಲ್ ಬಂದಾಗ ಅವನಿಗೆ ಬದ್ಧತೆಯಿಲ್ಲ ಎಂದು ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಅವನಿಗೆ 'ಆಗಲ್ಲ' ಎನ್ನುವ ದಾರಿಯನ್ನು ಮುಚ್ಚಿದವರು ನಾವೇ ಎನ್ನುವುದು ಆಗ ಹೊಳೆದಿರಲಿಲ್ಲ.

2024ರ ಜನವರಿಯಲ್ಲಿ ಮಾಲ್ಡೀವ್ಸ್ ಚೀನಾದ ಕಡೆ ವಾಲಿತು, ಅಲ್ಲಿಗೆ ಯಾರೂ ಹೋಗಬೇಡಿ ಎಂಬ ಮೆಸೇಜನ್ನು ಮನೆಯವರ ಗ್ರೂಪಿಗೆ ನಾನೂ ಕಳಿಸಿದ್ದೆ. ಕೆಲವು ತಿಂಗಳ ಮೇಲೆ ಮಾವನವರ ಕಣ್ಣಿನ ಚಿಕಿತ್ಸೆಗೆ ತಿರುವನಂತಪುರದ ಆಸ್ಪತ್ರೆಯೊಂದಕ್ಕೆ ಹೋದೆ. ಪಕ್ಕದಲ್ಲಿ ಮಾಲೆಯಿಂದ ಬಂದ ತಾಯಿ, ಮಗು ಕೂತಿದ್ದರು. ಇಲ್ಲಿಗೇ ಏಕೆ ಎಂದು ಕೇಳಿದೆ. "ಇದೇ ಹತ್ತಿರ" ಎಂದರು. ಅಷ್ಟೇ. ಅವರ ಮಾತಿನಲ್ಲಿ ಭಾರತವೂ ಇರಲಿಲ್ಲ, ಚೀನಾವೂ ಇರಲಿಲ್ಲ.

ಹಿತ್ತಲಿಗೆ ಎದುರಾಳಿ ಬಂದು ಕೂತರೆ ದೊಡ್ಡ ದೇಶಕ್ಕೆ ಆತಂಕವಾಗುವುದು ಸಹಜ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಹಿತ್ತಲು ಇನ್ನೊಬ್ಬರ ಮನೆಯಂಗಳ ಎಂಬುದನ್ನು ಮರೆತಾಗ ತಪ್ಪು ಶುರುವಾಗುತ್ತದೆ. ಸಣ್ಣ ನೆರೆಯವರ ನಿಷ್ಠೆಯನ್ನು ಅಳೆಯುವ ಮೊದಲು, ನಮಗೆ 'ಇಲ್ಲ' ಎಂದರೂ ಅವರು ನೆಮ್ಮದಿಯಾಗಿ ಬದುಕಬಲ್ಲರೇ ಎಂದು ಕೇಳಿಕೊಳ್ಳಬೇಕು. ಬದುಕಲಾರರು ಎಂದಾದರೆ ಅವರ 'ಹೂಂ'ಗೂ ಬೆಲೆಯಿಲ್ಲ. ಅದು ಕಪ್ಪ, ಸ್ನೇಹವಲ್ಲ.

ಮೊನ್ನೆ ಬಾಡಿಗೆ ಕೊಡಲು ಹೋದಾಗ ಮಾಲೀಕರಿಗೆ ಇದನ್ನೆಲ್ಲ ಹೇಳಿದೆ. ಅವರು ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡರು. "ಹಾಗಾದರೆ ಮುಂದಿನ ವರ್ಷ ಬಾಡಿಗೆ ಜಾಸ್ತಿ ಮಾಡುತ್ತೇನೆ. ನೀವು 'ಇಲ್ಲ' ಅನ್ನಬಹುದು" ಎಂದರು. ಇಬ್ಬರೂ ನಕ್ಕೆವು. ಮನೆ ಅವರದು ಎಂಬುದು ಇಬ್ಬರಿಗೂ ಗೊತ್ತಿತ್ತು.