ಕೂಸಿನ ಫೋಟೋ ತೆಗೆದರೆ ಆಯುಷ್ಯ ಕುಂದುತ್ತದೆಯೇ?

ಪ್ರಶ್ನೆ: ನನಗೆ ಎರಡನೇ ಹೆರಿಗೆಯಾಗಿ ಮೂರು ವಾರವಾಯಿತು, ಹೆಣ್ಣು ಮಗು. ದೊಡ್ಡವನಿಗೆ ಎರಡೂವರೆ ವರ್ಷ. ಇಬ್ಬರದೂ ಒಂದೇ ಜನ್ಮನಕ್ಷತ್ರ. ಶಾಂತಿ ಆಗುವವರೆಗೆ ಒಬ್ಬರ ಮುಖ ಒಬ್ಬರು ನೋಡಬಾರದೆಂದು ಅತ್ತೆಯವರು ಮಗನನ್ನು ನಾದಿನಿಯ ಮನೆಗೆ ಕಳಿಸಿದ್ದಾರೆ. ರಾತ್ರಿಯೆಲ್ಲ ಅಳುತ್ತಾನಂತೆ. ನಮ್ಮ ಯಜಮಾನರಿಗೆ ಇಬ್ಬರನ್ನೂ ಕೂರಿಸಿ ಫೋಟೋ ತೆಗೆಸುವ ಆಸೆ. ನಾಮಕರಣ ಮೂರನೇ ತಿಂಗಳಿಗೆ ಇಟ್ಟುಕೊಂಡಿದ್ದೇವೆ. ಅದಕ್ಕೆ ಮುಂಚೆ ಫೋಟೋ ತೆಗೆದರೆ ಕೂಸಿನ ಆಯುಷ್ಯ ಕುಂದುತ್ತದೆ ಎನ್ನುತ್ತಾರೆ ಅತ್ತೆ. ಯಾರ ಮಾತು ಕೇಳಲಿ?
(ಓದುಗರು, ಬೆಂಗಳೂರು)

ಉತ್ತರ: ತಾಯಿ, ಮೊದಲು ಮಗನನ್ನು ಮನೆಗೆ ಕರೆಸಿಕೊಳ್ಳಿ. ಫೋಟೋ ವಿಚಾರ ಆಮೇಲೆ.

ತಂದೆ, ತಾಯಿ ಅಥವಾ ಒಡಹುಟ್ಟಿದವರ ನಕ್ಷತ್ರದಲ್ಲೇ ಮಗು ಹುಟ್ಟಿದರೆ ಏಕನಕ್ಷತ್ರ ಜನನ ಶಾಂತಿ ಮಾಡಿಸುವ ಪದ್ಧತಿ ಇದೆ, ನಿಜ. ಆದರೆ ಆ ಶಾಂತಿ ಹೇಗೆ ನಡೆಯುತ್ತದೆ ನೋಡಿ. ಕಲಶ ಸ್ಥಾಪಿಸಿ, ನಕ್ಷತ್ರ ದೇವತೆಯನ್ನು ಪೂಜಿಸಿ, ಹೋಮ ಮಾಡಿ, ಕೊನೆಗೆ ಆ ಕಲಶದ ನೀರನ್ನು ಒಂದೇ ನಕ್ಷತ್ರದ ಇಬ್ಬರ ಮೇಲೂ ಪ್ರೋಕ್ಷಿಸುತ್ತೇವೆ. ಅಣ್ಣ ತಂಗಿಯನ್ನು ಒಟ್ಟಿಗೆ ಕೂರಿಸುವ ಕರ್ಮ ಅದು. ಅದರ ಹೆಸರಿನಲ್ಲಿ ಇಬ್ಬರನ್ನೂ ಬೇರೆ ಮಾಡುವುದು ಎಲ್ಲಿಯ ನ್ಯಾಯ? ಪುರುಡು ಹತ್ತು ದಿನಕ್ಕೇ ಕಳೆಯಿತು. ಅದೇ ನಕ್ಷತ್ರ ಸುಮಾರು 27 ದಿನಕ್ಕೊಮ್ಮೆ ಬರುತ್ತದೆ, ಅಂದು ಮಾಡಿಸಿ. ಈ ಉತ್ತರ ಅಚ್ಚಾಗುವ ಹೊತ್ತಿಗೆ ಆ ದಿನ ದಾಟಿದ್ದರೆ ಮುಂದಿನ ಸಲ ಬಂದಾಗ ಆಗಬಹುದು. ದೊಡ್ಡ ಖರ್ಚು ಬೇಕಿಲ್ಲ, ಶಕ್ತಿಗೆ ತಕ್ಕ ದಾನ ಸಾಕು.

ಎರಡೂವರೆ ವರ್ಷದ ಕಂದನಿಗೆ ನಕ್ಷತ್ರ ಗೊತ್ತಿಲ್ಲ, ಶಾಂತಿ ಗೊತ್ತಿಲ್ಲ. 'ಪಾಪು ಬಂತು, ನನ್ನನ್ನು ಆಚೆ ಕಳಿಸಿದರು' ಅನ್ನೋದು ಮಾತ್ರ ಗೊತ್ತಾಗುತ್ತೆ. ಉಪನಯನಕ್ಕೆ ಮುಂಚಿನ ಮಗುವಿಗೆ ನಡೆ, ನುಡಿ, ಊಟದಲ್ಲಿ ಕಟ್ಟುಪಾಡಿಲ್ಲ ಎಂದು ಗೌತಮ ಧರ್ಮಸೂತ್ರವೇ ಬಿಟ್ಟಿದೆ. ಶಾಸ್ತ್ರ ಬಿಟ್ಟದ್ದನ್ನು ನಾವು ಕಟ್ಟುವುದು ಬೇಡ.

ಇನ್ನು ಫೋಟೋ. ಈ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಗೃಹ್ಯಸೂತ್ರಗಳು ಅದಕ್ಕೂ ಎರಡು ಸಾವಿರ ವರ್ಷ ಹಿಂದಿನವು. ಫೋಟೋ ತೆಗೆದರೆ ಆಯುಷ್ಯ ಕುಂದುತ್ತದೆ ಎಂಬ ಮಾತಿಗೆ ಅಲ್ಲಿ ಆಧಾರವೇ ಇರಲಾರದು. ಹಾಗೆಂದು ಅತ್ತೆಯವರನ್ನು ಹಗುರವಾಗಿ ಕಾಣಬೇಡಿ. ಹಿಂದೆ ಎಳೆಗೂಸುಗಳನ್ನು ಕಳೆದುಕೊಳ್ಳದ ಮನೆ ಅಪರೂಪ. ಹತ್ತು ಜನರ ಕಣ್ಣಿಗೆ ಬೀಳದಂತೆ ಕೂಸನ್ನು ಕಾಪಾಡಿದ ಹೆಂಗಸರ ಭಯ ಅವರ ಬಾಯಲ್ಲಿ ಹೀಗೆ ಬರುತ್ತಿದೆ.

ಅವರ ಮಾತಿಗೆ ಶಾಸ್ತ್ರದಲ್ಲಿ ಒಂದು ಹತ್ತಿರದ ಸಂಗತಿಯೂ ಇದೆ. ಆಶ್ವಲಾಯನ ಗೃಹ್ಯಸೂತ್ರ ಕರೆಯುವ ಹೆಸರಿನ ಜೊತೆಗೆ ಅಭಿವಾದನೀಯ ಎಂಬ ಇನ್ನೊಂದು ಹೆಸರನ್ನು ಹೇಳುತ್ತದೆ. ಉಪನಯನದವರೆಗೆ ಅದು ತಂದೆ ತಾಯಿಗೆ ಮಾತ್ರ ತಿಳಿದಿರಬೇಕು. ಮಗುವಿನದು ಅಂತ ಒಂದಿಷ್ಟು ಮನೆಯೊಳಗೇ ಇರಲಿ ಎಂಬುದು ಹಿರಿಯರ ಬುದ್ಧಿ. ಮನುಸ್ಮೃತಿ ಕೂಡ ಕೂಸನ್ನು ಹೊರಗೆ ಕರೆದೊಯ್ಯುವ ನಿಷ್ಕ್ರಮಣವನ್ನು ನಾಲ್ಕನೇ ತಿಂಗಳಿಗೆ ಇಟ್ಟಿದೆ.

ಆದ್ದರಿಂದ ಹೀಗೆ ಮಾಡಿ. ಯಜಮಾನರು ಮನೆಯಲ್ಲಿ ಧಾರಾಳವಾಗಿ ಫೋಟೋ ತೆಗೆಯಲಿ. ನಾಲ್ಕನೇ ತಿಂಗಳಲ್ಲಿ ಸೂರ್ಯದರ್ಶನ ಮಾಡಿಸಿ, ಅಂದಿನ ಫೋಟೋವನ್ನು ಬಂಧುಗಳಿಗೆ ಕಳಿಸಲಿ. ಅಲ್ಲಿಯವರೆಗೆ ವಾಟ್ಸಾಪ್ ಗುಂಪು, ಸ್ಟೇಟಸ್ ಬೇಡ. ಹುಟ್ಟಿದ ಹೊತ್ತು, ನಕ್ಷತ್ರ ಬರೆದು ಹಂಚುವುದು, ಎಣ್ಣೆನೀರಿನ ಬರಿಮೈ ಫೋಟೋ ಕಳಿಸುವುದು ಎಂದಿಗೂ ಬೇಡ. ಕತ್ತು ನಿಲ್ಲದ ಕೂಸನ್ನು ಬುಟ್ಟಿಯಲ್ಲಿ ಮಡಚಿಡುವ ಫೋಟೋಶೂಟ್ ಕೂಡ ಬಿಡಿ. ಕಿಟಕಿಯ ಬೆಳಕು ಸಾಕು. ನಿದ್ದೆ ಕೆಡಿಸಿ, ಹಾಲು ಬಿಡಿಸಿ ತೆಗೆದ ಫೋಟೋ ಯಾರಿಗೂ ಶುಭವಲ್ಲ. ಅಣ್ಣನ ತೊಡೆಯ ಮೇಲೆ ಕೂಸನ್ನು ಇಡುವುದಾದರೆ ನೆಲಕ್ಕೆ ಹಾಸಿಗೆ ಹಾಕಿ, ಕೂಸಿನ ಅಡಿಯಲ್ಲಿ ನಿಮ್ಮ ಕೈ ಇರಲಿ. ಫೋಟೋದಲ್ಲಿ ಕೈ ಕಂಡರೆ ನಷ್ಟವಿಲ್ಲ.

ದೃಷ್ಟಿಯ ಅಂಜಿಕೆ ಇದ್ದರೆ ಅರಿಶಿನ ಸುಣ್ಣದ ಕೆಂಪು ನೀರಿನ ಆರತಿಯನ್ನು ಅತ್ತೆಯವರ ಕೈಯಿಂದಲೇ ಮಾಡಿಸಿ. ಮೊದಲು ದೊಡ್ಡವನಿಗೆ, ಆಮೇಲೆ ಚಿಕ್ಕವಳಿಗೆ. ಉಪ್ಪು ಮೆಣಸಿನಕಾಯಿ ಸುಡುವ ಹೊಗೆ ಕೂಸಿನ ಹತ್ತಿರ ಬರಬಾರದು. ಕಪ್ಪಿನ ಬೊಟ್ಟು ಅಂಗಾಲಿಗೆ ಇಡಿ, ಕಣ್ಣಿಗೆ ಬೇಡ.

ನಾಮಕರಣದಂದು ತೊಟ್ಟಿಲ ಹಗ್ಗವನ್ನು ಮೊದಲು ಆ ಪುಟ್ಟ ಅಣ್ಣನ ಕೈಗೆ ಕೊಡಿ. 'ನಿನ್ನ ತಂಗಿ ಕಣೋ, ನೀನೇ ತೂಗು' ಅನ್ನಿ. ಯಜಮಾನರು ಫೋಟೋ ತೆಗೆಯಬೇಕಾದ ಹೊತ್ತು ಅದು. ಇಬ್ಬರಿಗೂ ದೀರ್ಘಾಯುಷ್ಯವಾಗಲಿ. ಶುಭಮಸ್ತು.