ಬಿಡಿಭಾಗ ಬದಲಾದರೆ ಯಂತ್ರ ಯಾರದು?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ 1162ರ ಶಾಸನ ಅಲ್ಲಿನ ಕೋಡಿಯಮಠವನ್ನು ಬಣ್ಣಿಸುತ್ತದೆ. ವೇದ, ವ್ಯಾಕರಣಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳಿಗೂ ಅಲ್ಲಿ ವ್ಯಾಖ್ಯಾನ ನಡೆಯುತ್ತಿತ್ತು. ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧವೂ ಸಿಗುತ್ತಿತ್ತು. ಮಠ ಕಾಳಾಮುಖ ಶೈವರದು. ಆದರೂ ಎದುರಾಳಿಯ ವಾದವನ್ನು ತನ್ನ ಅಂಗಳದಲ್ಲೇ ಓದಿಸುವ ಧೈರ್ಯ ಅದಕ್ಕಿತ್ತು. ಅದಕ್ಕೂ ಸುಮಾರು ನೂರು ವರ್ಷ ಮೊದಲು, 1065ರಲ್ಲಿ, ಅದೇ ಊರಲ್ಲಿ ಜಯಂತಿ ಬೌದ್ಧವಿಹಾರ ಎದ್ದಿತ್ತು.

ನೈಯಾಯಿಕರಿಗೂ ಬೌದ್ಧರಿಗೂ ಇದ್ದ ಹಳೆಯ ಜಗಳಗಳಲ್ಲಿ ಒಂದು ಬಿಡಿಭಾಗಗಳದು. ಗಾಲಿ, ಅಚ್ಚು, ನೊಗ ಎಲ್ಲವನ್ನೂ ಬಿಚ್ಚಿಟ್ಟರೆ ರಥ ಎಲ್ಲಿದೆ ಎಂದು ಭಿಕ್ಷು ನಾಗಸೇನ ಗ್ರೀಕ್ ದೊರೆ ಮಿಲಿಂದನನ್ನು ಕೇಳಿದ. ಬೌದ್ಧರ ಪ್ರಕಾರ ರಥವೆಂಬುದು ಜೋಡಣೆಗೆ ಇಟ್ಟ ಹೆಸರು ಮಾತ್ರ. ನ್ಯಾಯ–ವೈಶೇಷಿಕರು ಒಪ್ಪಲಿಲ್ಲ. ಅವಯವಗಳಿಂದ ಹುಟ್ಟಿದರೂ ಅವಯವಿ, ಅಂದರೆ ಇಡಿಯಾದದ್ದು, ಅವುಗಳಿಗಿಂತ ಬೇರೆಯೇ ಆದ ವಸ್ತು ಎಂದರು. ಆ ನಿಲುವಿಗೆ ಅವರು ತೆತ್ತ ಬೆಲೆ ದೊಡ್ಡದು: ಬಟ್ಟೆಯಿಂದ ಒಂದು ನೂಲು ಎಳೆದರೂ ಹಳೆಯ ಬಟ್ಟೆ ನಾಶವಾಗಿ ಹೊಸದೊಂದು ಹುಟ್ಟಿತು ಎಂದೇ ಹೇಳಬೇಕಾಯಿತು.

ಈ ತರ್ಕ ಈಗ ಸರ್ವರ್ ಕೋಣೆಗಳಲ್ಲಿ ಬದುಕಿದೆ. ಹೆಸರಾಂತ ಕಂಪನಿಯ ಸರ್ವರ್‌ಗೆ ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಹೊರಗಿನ ಮೆಮೊರಿ ಹಾಕಿದರೆ ಅದು ಇನ್ನೂ ಆ ಕಂಪನಿಯ ಸರ್ವರೇ? 2010ರಲ್ಲಿ ಡೆಲ್ ಕಂಪನಿಯ ಹೊಸ ಪವರ್‌ಎಡ್ಜ್ ಸರ್ವರ್‌ಗಳ ಕಂಟ್ರೋಲರ್ ಕಂಪನಿಯ ಮುದ್ರೆಯಿಲ್ಲದ ಡಿಸ್ಕ್‌ಗಳನ್ನು ಸ್ವೀಕರಿಸುತ್ತಲೇ ಇರಲಿಲ್ಲ. ಗ್ರಾಹಕರು ಸಿಟ್ಟೆದ್ದರು, ಕಂಪನಿ ಅದೇ ವರ್ಷ ಹಿಂದೆ ಸರಿಯಿತು. ಮೆಮೊರಿ ಪಟ್ಟಿಯ ಮೇಲೂ ತನ್ನ ವಿವರ ಹೇಳುವ ಸಣ್ಣ ಚಿಪ್ ಇರುತ್ತದೆ. ಸರ್ವರ್ ಆನ್ ಆಗುವಾಗ ಅದನ್ನು ಓದುತ್ತದೆ, ಕಂಪನಿಯ ಗುರುತು ಕಾಣದಿದ್ದರೆ ಕೆಲವು ಮಾದರಿಗಳು ಎಚ್ಚರಿಕೆ ತೋರಿಸುತ್ತವೆ. ವಿಚಿತ್ರವೆಂದರೆ, ಮುದ್ರೆಯಿದ್ದ ಡಿಸ್ಕನ್ನು ತಯಾರಿಸುವವರೂ ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾದವರೇ; ಮೆಮೊರಿ ಚಿಪ್ ಹೆಚ್ಚಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಕಂಪನಿಗಳದು.

ಇದು ಶ್ರೀಮಂತ ಕಂಪನಿಗಳ ಕೋಣೆಯೊಳಗಿನ ಮಾತಲ್ಲ. ಭೂಮಿ ಯೋಜನೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಸೊರಬದ ಭತ್ತದ ಗದ್ದೆಯೂ ಶಿಕಾರಿಪುರದ ಮೆಕ್ಕೆಜೋಳದ ಹೊಲವೂ ಯಾವುದೋ ಡಿಸ್ಕಿನ ಮೇಲಿನ ಗುರುತುಗಳಾದವು. ಸಾಲ, ಬೆಳೆ ವಿಮೆ, ಪಾಲು ಪಟ್ಟಿ ಎಲ್ಲಕ್ಕೂ ಆ ಗುರುತೇ ಆಧಾರ.

ಆ ಡಿಸ್ಕಿಗೆ ಆಯುಸ್ಸು ಕಡಿಮೆ. ಹಲವು ಡಿಸ್ಕ್‌ಗಳು ಒಂದಾಗಿ ಕೆಲಸ ಮಾಡುವ ರೇಡ್ ಜೋಡಣೆಯಲ್ಲಿ ಒಂದು ಸತ್ತರೆ ಅದನ್ನು ಎಳೆದು ಹೊಸದನ್ನು ಸೇರಿಸುತ್ತಾರೆ. ಸತ್ತ ಡಿಸ್ಕಿನಲ್ಲಿದ್ದುದು ಉಳಿದವುಗಳ ಲೆಕ್ಕದಿಂದ ಹೊಸದರ ಮೇಲೆ ಮತ್ತೆ ಮೂಡುತ್ತದೆ. ಹೀಗೆ ಒಂದೊಂದಾಗಿ ಎಲ್ಲ ಡಿಸ್ಕ್‌ಗಳೂ ಬದಲಾಗಿ ಹೋದರೂ ಪಹಣಿ ಅದೇ ಪಹಣಿ. ಬೌದ್ಧರು ಇದನ್ನು ಸಂತಾನ ಎಂದಾರು, ಕ್ಷಣದಿಂದ ಕ್ಷಣಕ್ಕೆ ದಾಟುವ ಹರಿವು. ಉಳಿಯಬೇಕಾದದ್ದು ರೈತನ ಹಕ್ಕು, ಅದನ್ನು ಹೊತ್ತ ಲೋಹದ ಪೆಟ್ಟಿಗೆಯಲ್ಲ. ಇಷ್ಟರ ಮಟ್ಟಿಗೆ ನಾಗಸೇನನೇ ಸರಿ.

ಆದರೆ ನೈಯಾಯಿಕನನ್ನು ಅಷ್ಟು ಸುಲಭವಾಗಿ ಕಳಿಸಲಾಗದು. ಬಿಡಿಭಾಗಗಳು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದೂ ಒಂದು ಸತ್ಯ. ಮನೆಬಳಕೆಯ ಡಿಸ್ಕ್ ಕೆಟ್ಟ ಜಾಗವೊಂದನ್ನು ಓದಲು ಬಹಳ ಹೊತ್ತು ಹೆಣಗಬಹುದು. ಅಷ್ಟು ಹೊತ್ತು ಕಾಯದ ರೇಡ್ ಕಂಟ್ರೋಲರ್, ಡಿಸ್ಕ್ ಸತ್ತಿತೆಂದು ತಿಳಿದು ಅದನ್ನು ಹೊರಹಾಕುತ್ತದೆ. ಎರಡೂ ಒಳ್ಳೆಯ ವಸ್ತುಗಳೇ, ಕೂಡಿದಾಗ ಕೆಡುಕು. ಮೆಮೊರಿಯ ವಿಷಯ ಇನ್ನೂ ಸೂಕ್ಷ್ಮ. ಸರ್ವರ್‌ನ ಇಸಿಸಿ ಮೆಮೊರಿ ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ. ಅಗ್ಗದ ಸಾದಾ ಮೆಮೊರಿಗೆ ಆ ಶಕ್ತಿಯಿಲ್ಲ. ಕಂಪ್ಯೂಟರಿನ ಅಂಕಿ ಸಂಕೇತದಲ್ಲಿ 2ಕ್ಕೂ 3ಕ್ಕೂ ಇರುವ ವ್ಯತ್ಯಾಸ ಒಂದೇ ಬಿಟ್. ಎರಡು ಗುಂಟೆ ಮೂರು ಗುಂಟೆಯಾಗಲು ಅಷ್ಟು ಸಾಕು. ಅಣ್ಣತಮ್ಮಂದಿರ ಮನೆ ಒಡೆಯಲೂ ಅಷ್ಟು ಸಾಕು.

ಹಾಗಾಗಿ ವಸ್ತು ಅದೇ ಹೌದೋ ಅಲ್ಲವೋ ಎಂಬ ಪ್ರಶ್ನೆಗಿಂತ ಹೊಣೆ ಯಾರದು ಎಂಬುದು ದೊಡ್ಡದು. ತಾನು ಪರೀಕ್ಷಿಸದ ಡಿಸ್ಕಿಗೆ ಕಂಪನಿ ಉತ್ತರ ಹೇಳಲಿ ಎನ್ನುವುದು ನ್ಯಾಯವಲ್ಲ. ಆದರೆ ಒಂದು ಡಿಸ್ಕ್ ಹೊರಗಿನದೆಂಬ ಕಾರಣಕ್ಕೆ ಮದರ್‌ಬೋರ್ಡ್, ಪವರ್ ಸಪ್ಲೈ ಎಲ್ಲದರ ವಾರಂಟಿಯನ್ನೂ ತಿರಸ್ಕರಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ನೂಲು ಎಳೆದರೆ ಬಟ್ಟೆಯೇ ಇಲ್ಲವಾಯಿತು ಎಂದ ವೈಶೇಷಿಕ ತತ್ತ್ವಕ್ಕಾಗಿ ಹಾಗೆಂದ. ಕಂಪನಿ ಅದನ್ನೇ ಲಾಭಕ್ಕಾಗಿ ಹೇಳಿದರೆ ಒಪ್ಪಬೇಕಾಗಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ ಇದೇ ವಿವೇಕವಿದೆ: ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಸಲ್ಲದು. ಆ ಆದೇಶ ಕಾರುಗಳದು. ಸರ್ವರ್‌ಗಳಿಗೂ ಆ ಮಾತು ಸಲ್ಲಬೇಕು.

ಹೊಣೆಯ ಇನ್ನೊಂದು ತುದಿ ಬಿಡಿಭಾಗ ಹಾಕಿಸಿದವರ ಕೈಯಲ್ಲಿದೆ. ಹಣ ಉಳಿಸಲು ಹೊರಗಿನ ಡಿಸ್ಕ್ ಕೊಳ್ಳುವ ಸಹಕಾರ ಸಂಘ ತಪ್ಪು ಮಾಡುತ್ತಿಲ್ಲ. ಉಳಿದ ಹಣವೂ ಸದಸ್ಯರದೇ. ಆದರೆ ಕಂಪನಿ ಬಿಟ್ಟುಕೊಟ್ಟ ಭರವಸೆಯನ್ನು ಅಂದಿನಿಂದ ಸಂಘ ತಾನೇ ಹೊತ್ತಿದೆ. ಮೆಮೊರಿ ಇಸಿಸಿ ಹೌದೇ ಎಂದು ನೋಡುವುದು, ಡಿಸ್ಕ್ ರೇಡ್ ಕೆಲಸಕ್ಕೆಂದೇ ತಯಾರಾದದ್ದೇ ಎಂದು ವಿಚಾರಿಸುವುದು, ಹಳೆಯ ಡಿಸ್ಕ್ ತೆಗೆಯುವ ಮೊದಲೇ ಬ್ಯಾಕಪ್ ಇಟ್ಟು ಅದು ತೆರೆಯುತ್ತದೆಯೇ ಎಂದು ಪರೀಕ್ಷಿಸುವುದು ಈಗ ಅದರ ಧರ್ಮ. ಯಾವ ಡಿಸ್ಕ್, ಯಾವ ದಿನ, ಯಾರು ಹಾಕಿದರು ಎಂಬುದು ರಿಜಿಸ್ಟರಿನಲ್ಲಿ ಇರದಿದ್ದರೆ, ಮೂರು ವರ್ಷದ ನಂತರ ಲೆಕ್ಕ ತಪ್ಪಿದಾಗ ಕೌಂಟರಿನ ಮುಂದೆ ನಿಂತ ಸದಸ್ಯನಿಗೆ ಗುಮಾಸ್ತ ಕಂಪನಿಯ ಕಡೆ ಬೆರಳು ತೋರಿಸುತ್ತಾನೆ, ಕಂಪನಿ ಡಿಸ್ಕಿನ ಕಡೆ ತೋರಿಸುತ್ತದೆ.