ನಾಲ್ಕಾಣೆ ನೆಲ

(ಪಾಂಡವಪುರದ ಬಳಿ, ವಿಶ್ವೇಶ್ವರಯ್ಯ ನಾಲೆಯ ಏರಿ. ನಾಗಮಂಗಲದ ಕಡೆಯಿಂದ ಬೀಗರ ಮನೆಗೆ ಬಂದಿರುವ ನಿವೃತ್ತ ಗಣಿತದ ಮೇಷ್ಟ್ರು. ಆ ಮನೆಯ ಹಿರಿಯರಾದ ಗೌಡರು. ಗೌಡರ ಕೈಯಲ್ಲಿ ಪಹಣಿ.)

ಮೇಷ್ಟ್ರು: ಬೀಗ್ರೇ, ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ. ಮಾರನೇ ವರ್ಷ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ದುಡ್ಡಿನ ಆಣೆ ಹೊರಟುಹೋಯ್ತು. ನಿಮ್ಮ ಪಹಣೀಲಿ ಮಾತ್ರ ಇನ್ನೂ 1 ಎಕರೆ 6 ಗುಂಟೆ 4 ಆಣೆ. ಜನಕ್ಕೆ ರೂಢಿ ಬಿಡೋದು ಕಷ್ಟ ಅಂತಲೇ ನಾನು ಮಕ್ಕಳಿಗೆ ಹೇಳ್ತಿದ್ದೆ.

ಗೌಡರು: ರೂಢಿಯಾ? ನಮ್ಮಪ್ಪ ಓದಿದೋರಲ್ಲ. ಸಂತೇಲಿ ಸೇರು ಹೋಗಿ ಕೆಜಿ ಬಂದಾಗ ಹೊಂದ್ಕೊಂಡ್ರು. ನಾನು ಕಬ್ಬು ಟನ್ನಲ್ಲಿ ಕೊಡ್ತೀನಿ, ರಾಗಿ ಕ್ವಿಂಟಾಲಲ್ಲಿ. ಸಂತೆ ವ್ಯಾಪಾರ ಸಂಜೆಗೆ ಮುಗಿದೋಯ್ತದೆ ಮೇಷ್ಟ್ರೇ. ಈ ನಾಲ್ಕಾಣೆ ಮುಗಿಯೋದಲ್ಲ. ಅಣ್ಣ ತಮ್ಮ ಭಾಗ ಆದಾಗ ಬಾವಿ ಇರೋ ತುಂಡು ಇದು. ಇದೊಂದಕ್ಕೇ ಎರಡು ದಿನ ಪಂಚಾಯ್ತಿ ಕೂತಿತ್ತು.

ಮೇಷ್ಟ್ರು: ಆದರೆ ಗುಂಟೆಯೂ ಅನಾದಿ ಕಾಲದ್ದಲ್ಲ. 33 ಅಡಿ ಸರಪಳಿ ಎಳೆದು ಬ್ರಿಟಿಷರ ಕಾಲದ ಮೋಜಣಿ ಊರೂರಿಗೂ ತಂದದ್ದು. ಅದಕ್ಕೆ ಮುಂಚೆ ಬಿತ್ತನೆ ಲೆಕ್ಕ. ಹೊಯ್ಸಳರ ದಾನಶಾಸನಗಳಲ್ಲಿ ಸಲಗೆ, ಕೊಳಗ; 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಬುಕಾನನ್ ಕೂಡ ಈ ಅಳತೆಗಳನ್ನ ಬರೆದುಕೊಂಡ. ಕೆ.ಆರ್. ಪೇಟೆಯ ನಮ್ಮ ಸೋದರತ್ತೆ ಈಗಲೂ ‘ಖಂಡುಗದ ಗದ್ದೆ’ ಅಂತಾರೆ.

ಗೌಡರು: ಒಳ್ಳೇ ಮಾತಲ್ವಾ? ಬಿತ್ತನೆ ಎಷ್ಟು ಬೇಕು ಅನ್ನೋದು ಗದ್ದೆ ಹೆಸರಲ್ಲೇ ಅದೆ.

ಮೇಷ್ಟ್ರು: ಅದೇ ಕೊಳಗವನ್ನ ಕೊಡುವಾಗ ಬಾಯಿಮಟ್ಟಕ್ಕೆ ಸವರಿ, ಈಸಿಕೊಳ್ಳುವಾಗ ಮೇಲೆ ರಾಶಿ ಏರಿಸಿ ಅಳೆದ ಸಾಹುಕಾರರೂ ಇದ್ದರಲ್ಲ. ಫ್ರಾನ್ಸಿನ ರೈತರೂ ಕ್ರಾಂತಿಯ ಹೊತ್ತಲ್ಲಿ ಜಮೀನ್ದಾರರ ಅಳತೆಪಾತ್ರೆ ಬಗ್ಗೆ ಇದೇ ದೂರು ಹೇಳಿದ್ದು. ಆ ಸಂಕಟದಲ್ಲಿ ಮೀಟರ್ ಹುಟ್ಟಿತು. ಯಾರ ಮನೆಯದೂ ಅಲ್ಲದ ಅಳತೆ. ನನಗೆ ಅದರ ಮೇಲೆ ಪ್ರೀತಿ ಇರೋದು ಅದಕ್ಕೇ.

ಗೌಡರು: ಹಂಗಾದ್ರೆ ನಮ್ಮ ನೆಲಾನ ನೀವೇ ಬದಲಾಯಿಸಿ ತೋರ್ಸಿ.

ಮೇಷ್ಟ್ರು: ಸುಲಭ. ಒಂದು ಗುಂಟೆ 101.17 ಚದರ ಮೀಟರ್. ಲೆಕ್ಕಕ್ಕೆ ನೂರು ಅಂತ ಇಟ್ಟುಕೊಂಡರೆ...

ಗೌಡರು: ತಡೀರಿ. ಆ ಚಿಲ್ಲರೆ ಎಲ್ಲೋಯ್ತು? ಎಕರೆಗೆ ಎಷ್ಟಾಯ್ತದೆ ಅದು?

ಮೇಷ್ಟ್ರು: (ಬೆರಳು ಮಡಿಸಿ ಎಣಿಸಿ) 47 ಚದರ ಮೀಟರ್. ಹತ್ತಿರ ಹತ್ತಿರ ಅರ್ಧ ಗುಂಟೆ.

ಗೌಡರು: ಅಂದ್ರೆ ಎಂಟಾಣೆ! ನಮ್ಮ ಬಾವಿ ತುಂಡಿನ ಎರಡರಷ್ಟು. ನೀವು ನಮ್ಮ ಬೀಗರು, ಒಳ್ಳೇರು. ನಿಮ್ಮ ಕೈಯಲ್ಲೇ ಹಿಂಗಾಯ್ತು. ಗುರುತಿಲ್ಲದೋರು ಎಲ್ಲೋ ಕೂತು ಮಾಡಿದ್ರೆ?

ಮೇಷ್ಟ್ರು: (ತುಸು ಹೊತ್ತು ನಾಲೆ ನೋಡಿ) ನೀರಿನ ಲೆಕ್ಕದಲ್ಲೂ ಅಡಿ ಬಿಡಲ್ಲ ನೀವು. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ. ನೂರಡಿ ಅಂದಾಗ ಮುಕ್ಕಾಲಿಗೂ ಜಾಸ್ತಿ ಇದೆ ಅನ್ನಿಸ್ತದೆ. ಒಳಗಿರೋ ನೀರು ಅರ್ಧಕ್ಕೂ ಕಮ್ಮಿ.

ಗೌಡರು: ಬೆಂಗಳೂರಲ್ಲಿ ಕೇಳೋರಿಗೆ ಹಂಗನ್ನಿಸ್ಬೋದು. ನಮಗೆ ನೂರಡಿ ಅಂದ ತಕ್ಷಣ ಭತ್ತಕ್ಕೆ ಕೈ ಹಾಕ್ಬೇಕೋ, ರಾಗಿಗೇ ನಿಲ್ಬೇಕೋ ಗೊತ್ತಾಯ್ತದೆ. ಐವತ್ತು ವರ್ಷದ ಬೇಸಾಯ ಆ ಅಡೀಲಿ ಕೂತದೆ.

ಮೇಷ್ಟ್ರು: ಒಪ್ಪಂದವೂ ಅದರಲ್ಲೇ ಕೂತಿದೆ. 1924ರಲ್ಲಿ ಮೈಸೂರು, ಮದ್ರಾಸು ಒಪ್ಪಿದ್ದು ನದೀತಳದಿಂದ 124 ಅಡಿ, 44,827 ದಶಲಕ್ಷ ಘನ ಅಡಿ ಅಂತ. 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯಕ್ಕೆ ಹೇಳಿದ್ದೂ 284.75 ಟಿಎಂಸಿ, ಅದೂ ಘನ ಅಡಿಯೇ. ಮಳೆ ನೋಡಿ, ನಾಗಮಂಗಲದಲ್ಲಿ ನಾವು ಕಾಯೋದು ಅದನ್ನೇ, ಅದು ಪೇಪರಲ್ಲಿ ಮಿಲಿಮೀಟರ್ ಆಗಿ ಎಷ್ಟೋ ಕಾಲ ಆಯ್ತು. ಯಾರೂ ಜಗಳ ತೆಗೀಲಿಲ್ಲ.

ಗೌಡರು: ಮಳೆಗೆ ಯಾರತ್ರ ಪತ್ರ ಅದೆ?

ಮೇಷ್ಟ್ರು: ಅದೇ ಕಣ್ರೀ! ಇಷ್ಟು ವರ್ಷ ನಾನು ಪಾಠದಲ್ಲಿ ಬಿಟ್ಟದ್ದು ಅದನ್ನೇ. ಹಾಗಾದರೆ ಹೆಕ್ಟೇರ್ ಬೇಡವೇ ಬೇಡ ಅಂತೀರಾ?

ಗೌಡರು: ಬೇಡ ಅಂದ್ನಾ? ಬರ್ಲಿ. ಬಾಂದುಕಲ್ಲಿನತ್ರ ನಿಂತು ಅಳೀಲಿ. ಅಣ್ಣನ ಮಕ್ಕಳನ್ನೂ ಕರೀತೀನಿ. ಹಳೇ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಎಲ್ಲರ ಮುಂದೆ ಓದಿ, ಚಿಲ್ಲರೆ ಬಿಡದಂಗೆ ಬರ್ಕೊಳ್ಲಿ.

ಮೇಷ್ಟ್ರು: ನಾನೇ ಟೇಪ್ ತರ್ತೀನಿ. ಯಾವಾಗ ಬರಲಿ?

ಗೌಡರು: ನಾಲೆ ನಿಲ್ಲಿಸಿದ ಮೇಲೆ ಬನ್ನಿ. ಈಗ ಗದ್ದೆ ಕೆಸರು, ಕಲ್ಲು ಕಾಣಲ್ಲ.